ಐದು ಗ್ರಾಂ ನೆಲ್ಲು

ಲಿಂಗಸುಗೂರು ರಸ್ತೆ, ಏಪ್ರಿಲ್ಲಿನ ಮಧ್ಯಾಹ್ನ.
ಓವನ್ನಿನೊಳಗೆ ನೂರೈದು ಡಿಗ್ರಿ,
ಕಿಟಕಿಯಾಚೆ ರಾಯಚೂರು, ನಲವತ್ತೈದು.
‘ನಡುವಿನ ಅರವತ್ತಕ್ಕೇ ನೋಡು
ನಮ್ಮ ನಾಲ್ಕು ವರ್ಷದ ಫೀಸು’ ಎಂದ ಮೌನೇಶ,
ಬೆವರಿದ ಅಂಗೈಯನ್ನು ಬಿಳಿ ಕೋಟಿಗೆ ಒರೆಸಿಕೊಳ್ಳುತ್ತ.

ಐದು ಗ್ರಾಂ ನೆಲ್ಲು ತೂಗು.
ಅಲ್ಯುಮಿನಿಯಂ ಬಟ್ಟಲಿನ ಮುಚ್ಚಳಕ್ಕೆ ನಂಬರು ಬರೆ.
ಇಪ್ಪತ್ತನಾಲ್ಕು ತಾಸು ಒಣಗಿಸು, ಆರಿಸು, ಮತ್ತೆ ತೂಗು.
ಎಷ್ಟು ಕಡಿಮೆಯಾಯಿತೋ ಅಷ್ಟು ನೀರು.
ಆರಿಸುವ ಗಾಜಿನ ಪಾತ್ರೆಯ ತಳದಲ್ಲಿ ಸಿಲಿಕಾ ಹರಳು,
ಒಣಗಿದ್ದಾಗ ನೀಲಿ,
ತೇವ ಕುಡಿದರೆ ಗುಲಾಬಿ,
ಕದ್ದು ಎಲೆಅಡಿಕೆ ಹಾಕಿಕೊಂಡವರ ನಾಲಗೆಯಂತೆ.

ನಮ್ಮ ದೊಡ್ಡಮ್ಮ ಹುಸೇನಮ್ಮ
ಮಾನ್ವಿಯ ಒಂದು ರೈಸ್ ಮಿಲ್ಲಿನ ಅಂಗಳದಲ್ಲಿ
ಇಪ್ಪತ್ತಾರು ವರ್ಷ ನೆಲ್ಲು ಒಣಹಾಕಿದವಳು.
ಬರಿಗಾಲಲ್ಲೇ ರಾಶಿಯನ್ನು ಸಾಲುಸಾಲಾಗಿ ಸೀಳಿಕೊಂಡು ನಡೆಯುತ್ತಾಳೆ,
ಹಿಮ್ಮಡಿಯ ಬಿರುಕಿನಲ್ಲಿ ಸದಾ ಎರಡು ಕಾಳು.
ಬಗ್ಗಿ ಒಂದನ್ನು ಎತ್ತಿ ಹಲ್ಲಿಗಿಟ್ಟರೆ
ಕಟ್.
‘ಇನ್ನೊಂದು ಬಿಸಲು ಬೇಕ್ರಿ ಸಾವುಕಾರ’
ಅಥವಾ
‘ಈಗ ತುಂಬ್ರಿ, ಇನ್ನೂ ಒಣಗಿದ್ರ ನುಚ್ಚಾಗತೈತಿ.’

ಸಾವುಕಾರರು ಹೈದರಾಬಾದಿನಿಂದ ಮೀಟರು ತಂದ ದಿನ
ಇಬ್ಬರಿಗೂ ಪಂದ್ಯವಿಟ್ಟರಂತೆ.
ಮೀಟರು ಗೆದ್ದಿತೋ ಅವಳೋ
ಯಾರೂ ಸರಿಯಾಗಿ ಹೇಳುವುದಿಲ್ಲ.
ಬ್ಯಾಟರಿ ಮುಗಿದ ದಿನ ಮಾತ್ರ
ಅವಳನ್ನೇ ಕೂಗುತ್ತಾರೆ.
ಕೂಲಿ ಅಷ್ಟೇ ಇದೆ.

ಒಂದು ಭಾನುವಾರ ಅವಳ ಅಂಗಳದ ಒಂದು ಹಿಡಿ ನೆಲ್ಲನ್ನು
ಕರ್ಚೀಪಿನಲ್ಲಿ ಗಂಟು ಕಟ್ಟಿ ತಂದೆ.
‘ಹದಿಮೂರು, ವಸಿ ಮ್ಯಾಲ’ ಅಂದಿದ್ದಳು.
ನನ್ನ ತಕ್ಕಡಿ ಹೇಳಿತು: ಹನ್ನೊಂದು ಪಾಯಿಂಟ್ ಆರು.
ಸುಳ್ಳು ಯಾಕೆ,
ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು.

ಮುಂದಿನ ವಾರ ಹೋಗಿ ಹೇಳಿದೆ.
ಅವಳು ಮೊರ ಕೆಳಗಿಟ್ಟು ಕೇಳಿದಳು:
‘ಯಾವುದ್ರಾಗ ಒಯ್ದಿದ್ದಿ?’
ಕರ್ಚೀಪು.
‘ಎಲ್ಲಿಟ್ಟಿದ್ದಿ?’
ಎರಡು ದಿನ, ಹಾಸ್ಟೆಲ್ಲಿನ ಕಿಟಕಿಕಟ್ಟೆಯ ಮೇಲೆ.
‘ಕಿಟಕ್ಯಾಗ ನೀನೇ ಒಣಗಿಸಿ
ನನ್ನ ಹಲ್ಲಿಗೆ ತಪ್ಪು ಹೊರಸ್ತಿಯೇನವಾ?
ಅಷ್ಟು ದೊಡ್ಡ ಸಾಲಿಯಾಗ
ಒಂದು ಡಬ್ಬಿ ಇಲ್ಲೇನು?’

ಇದೆ, ದೊಡ್ಡಮ್ಮ.
ಲ್ಯಾಬ್ ಪುಸ್ತಕದ ಮೊದಲನೆಯ ಪುಟದಲ್ಲೇ ಇದೆ,
ಗಾಳಿಯಾಡದ ಡಬ್ಬಿ.
ನಾನು ಅಡಿಗೆರೆ ಎಳೆದು
ಪುಟ ತಿರುವಿ ಮುಂದೆ ಹೋಗಿದ್ದೆ.

ರೆಕಾರ್ಡಿನಲ್ಲಿ, ದೋಷದ ಕಾರಣಗಳ ಕೆಳಗೆ,
ನಡೆದದ್ದನ್ನು ನಡೆದಂತೆ ಬರೆದೆ.
ಮೂಲ: ಹುಸೇನಮ್ಮ, ಮಿಲ್ ಅಂಗಳ, ಮಾನ್ವಿ.
ಮೇಡಂ ಅವರ ಕೆಂಪು ಶಾಯಿ:
‘ಉಲ್ಲೇಖ ಅಪೂರ್ಣ. ಪುಟ ಸಂಖ್ಯೆ?’
ಪಕ್ಕದಲ್ಲಿ ಒಂದು ಸಣ್ಣ ರೈಟ್ ಗುರುತೂ ಇತ್ತು,
ಇತ್ತೆಂದೇ ನನ್ನ ನಂಬಿಕೆ.

ಈ ಸಲ ಅವಳೇ ಕಳಿಸಿದ್ದಾಳೆ
ರಬ್ಬರ್ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ.
ಎಷ್ಟು ತಿಕ್ಕಿ ತೊಳೆದರೂ
ನೆಲ್ಲಿಗೆ ಪುಂಡಿಪಲ್ಲೆಯ ವಾಸನೆ.
ಎಷ್ಟಿದೆ ಎಂದು ಹೇಳಿ ಕಳಿಸಿಲ್ಲ.
‘ನೀನೇ ಹೇಳು’ ಅಂದಳಂತೆ.

ಹತ್ತೊಂಬತ್ತನೆಯ ತಾಸಿಗೆ ಕರೆಂಟು ಹೋಯಿತು.
ನಾಡಿಗೆಲ್ಲ ಕರೆಂಟು ಸುಟ್ಟು ಕಳಿಸುವ ಊರು ನಮ್ಮದು,
ಬೂದಿಯನ್ನಷ್ಟೇ ಇಟ್ಟುಕೊಳ್ಳುವುದು.
ಓವನ್ನಿನ ಕೆಂಪು ಕಣ್ಣು ಮುಚ್ಚಿತು.
ಮೌನೇಶ ಮೊಬೈಲಿನ ಬೆಳಕು ಹಿಡಿದು
ಜನರೇಟರಿನವನನ್ನು ಹುಡುಕಿಕೊಂಡು ಹೋದ.

ಡಬ್ಬಿ ತೆರೆದು
ಉಳಿದದ್ದರಲ್ಲಿ ಒಂದು ಕಾಳು ತೆಗೆದೆ.
ಮುಚ್ಚಳವನ್ನು ಮೊದಲು ಬಿಗಿಯಾಗಿ ಹಾಕಿದೆ.
ಆಮೇಲೆ ಹಲ್ಲಿಗಿಟ್ಟೆ.

ಕಟ್ ಎಂದಿತು.
ಎಷ್ಟು ಎಂದು ಹೇಳಲಿಲ್ಲ.